ಒಳಗಿನಿಂದ ತಂದ ನೀರು

ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಹೋದ ತಿಂಗಳಿನಿಂದ ಒಂದು ಹಳದಿ ಚೀಟಿ ಅಂಟಿಕೊಂಡಿದೆ. ಚೀಟಿಯಲ್ಲಿ ಒಂದು ನಂಬರು, ನಂಬರಿನ ಪಕ್ಕ ಒಂದು ಸರಿ ಗುರುತು. ಯಾವುದೋ ಕಾಲೇಜಿನಿಂದ ಆರೋಗ್ಯದ ಸರ್ವೆಗೆ ಬಂದ ಹುಡುಗಿ ಅಂಟಿಸಿ ಹೋದದ್ದು. ನಾನು ಅವಳನ್ನು ಗೇಟಿನ ಆಚೆಗೇ ನಿಲ್ಲಿಸಿ ಗುರುತಿನ ಚೀಟಿ ಕೇಳಿದೆ. ಅದರ ಫೋಟೋವನ್ನೂ ಅವಳ ಮುಖವನ್ನೂ ಎರಡೆರಡು ಸಲ ತಾಳೆ ನೋಡಿದೆ. ಈ ಮಾಹಿತಿ ಯಾರಿಗೆ ಹೋಗುತ್ತದೆ, ಯಾಕೆ ಬೇಕು, ಆಧಾರ್ ನಂಬರು ಕೇಳುವುದಿಲ್ಲ ತಾನೆ ಎಂದೆಲ್ಲ ವಿಚಾರಿಸಿದೆ. ಪಾಪ, ಬಿಸಿಲಲ್ಲಿ ನಿಂತು ಎಲ್ಲಕ್ಕೂ ಉತ್ತರ ಕೊಟ್ಟಳು. ಆಮೇಲೆ ಅವಳ ಸರದಿ ಬಂತು. "ವಾರಕ್ಕೆ ಎಷ್ಟು ದಿನ ವಾಕಿಂಗ್ ಮಾಡ್ತೀರಿ ಸರ್?" ಎಂದಳು. ನಾನು ಒಂದು ಗಳಿಗೆಯೂ ತಡಮಾಡದೆ "ಐದು ದಿನ" ಎಂದೆ. ಒಳಗೆ ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ಕೆಮ್ಮಿದಳು. ಹುಡುಗಿ ಮೊಬೈಲಿನಲ್ಲಿ ಐದು ಎಂದು ಒತ್ತಿಕೊಂಡು, ಚೀಟಿ ಅಂಟಿಸಿ, ಪಕ್ಕದ ಮನೆಗೆ ಹೋದಳು.

ನೀವೇ ಹೇಳಿ, ನನಗೆ ಸುಳ್ಳು ಹೇಳುವ ಜರೂರು ಏನಿತ್ತು? ಆ ಹುಡುಗಿ ನನ್ನ ನೆಂಟಳಲ್ಲ, ಡಾಕ್ಟರಲ್ಲ, ಇನ್ನೊಮ್ಮೆ ಈ ಬೀದಿಗೆ ಬರುವವಳೂ ಅಲ್ಲ. ನಾನು ವಾಕಿಂಗ್ ಹೋಗುವುದು ತಿಂಗಳಿಗೆ ಎರಡು ಸಲ, ಅದೂ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನವರೆಗೆ, ಬರುವಾಗ ಒಂದು ಮಸಾಲೆ ದೋಸೆ ತಿಂದುಕೊಂಡು. ಆದರೂ ಬಾಯಿ ತಾನಾಗಿಯೇ ಐದು ಎಂದಿತು. ಈಗ ಆ ಐದನ್ನು ಯಾರೋ ಪ್ರೊಫೆಸರು ಕೂಡಿಸಿ ಭಾಗಿಸಿ, ಚನ್ನಗಿರಿಯ ಅರವತ್ತರ ಗಂಡಸರಿಗೆ ಆರೋಗ್ಯದ ಬಗ್ಗೆ ಬಹಳ ಎಚ್ಚರ ಇದೆ ಎಂದು ಬರೆಯುತ್ತಾರೆ. ಎಲ್ಲೋ ತಾಳೆಯಾಗದಿದ್ದರೆ ಕರೆದು ಕೇಳುವುದು ಆ ಹುಡುಗಿಯನ್ನು, ನನ್ನನ್ನಲ್ಲ. ಈ ಮಾತು ತಲೆಗೆ ಬಂದದ್ದೇ ತಡ, ತ್ಯಾವಣಿಗೆಯ ತಸ್ಲೀಮಾ ನೆನಪಾದಳು. ನೆನಪಾದಳು ಎನ್ನುವುದೂ ಪೂರ್ತಿ ನಿಜವಲ್ಲ. ಅವಳನ್ನು ನೆನೆಯದೆ ಇರಲು ನಾನು ಇಷ್ಟು ವರ್ಷ ಸಾಕಷ್ಟು ಕಷ್ಟಪಟ್ಟಿದ್ದೇನೆ.

ಅದಕ್ಕೂ ಮೊದಲು ನನ್ನ ಗುಣ ನಿಮಗೆ ಗೊತ್ತಿರಲಿ. ಅನುಮಾನ ನನಗೆ ಹುಟ್ಟಿನಿಂದ ಬಂದದ್ದು, ಅದರ ಮೇಲೆ ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದೆ. ತರಕಾರಿಯವನ ತಕ್ಕಡಿಯ ಕೆಳಗೆ ಬಗ್ಗಿ ನೋಡುವವನು ನಾನು. ಹಾಲಿನವನು ನೀರು ಬೆರೆಸುತ್ತಾನೆಂದು ಒಮ್ಮೆ ಕಾಲೇಜಿನಿಂದ ಲ್ಯಾಕ್ಟೋಮೀಟರು ತಂದು ಹಾಲಿಗೆ ಇಳಿಬಿಟ್ಟೆ. ಹಾಲು ಚೆನ್ನಾಗಿಯೇ ಇತ್ತು. ಆಗ ಲ್ಯಾಕ್ಟೋಮೀಟರಿನ ಮೇಲೆ ಅನುಮಾನ ಬಂತು. "ನಿಮ್ಗೆ ಗುಡಿಯಾಗೆ ತೀರ್ಥ ಕೊಟ್ರೂ ಯಾವ ಬೋರಿಂದು ಅಂತ ಕೇಳ್ತೀರಿ" ಎಂದು ಹೆಂಡತಿ ಹಂಗಿಸುತ್ತಾಳೆ. ಒಂದು ಸಲ ನಿಜವಾಗಿಯೂ ಕೇಳಿದ್ದೆ. ಪೂಜಾರಿ ಬೇಜಾರು ಮಾಡಿಕೊಳ್ಳದೆ ಉತ್ತರ ಕೊಟ್ಟ, ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ.

ಇಂಥವನು ನಿವೃತ್ತಿಗೆ ಎಂಟು ವರ್ಷ ಇರುವಾಗ ಪಿಎಚ್.ಡಿ. ಮಾಡಲು ಹೊರಟೆ. ಬಡ್ತಿಗೆ ಬೇಕಿತ್ತು ಎನ್ನುವುದು ಒಂದು ಕಾರಣ. ಚಿಕ್ಕವರೆಲ್ಲ ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಂಡು ಸ್ಟಾಫ್ ರೂಮಿನಲ್ಲಿ ಓಡಾಡುವುದನ್ನು ನೋಡಲಾಗುತ್ತಿರಲಿಲ್ಲ ಎನ್ನುವುದು ಇನ್ನೊಂದು, ಅದೇ ದೊಡ್ಡದು. ವಿಷಯ ಹೀಗಿತ್ತು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಕುಡಿಯುವ ನೀರಿನ ಫ್ಲೋರೈಡು, ಅದನ್ನು ಕುಡಿಯುವ ಮಕ್ಕಳ ಹಲ್ಲು, ಆ ಮಕ್ಕಳ ಶಾಲೆಯ ಓದು. ನೀರು ನನ್ನದು, ಹಲ್ಲನ್ನು ನೋಡಲು ಒಬ್ಬ ದಂತವೈದ್ಯರು, ಓದನ್ನು ಅಳೆಯಲು ಶಿಕ್ಷಣ ವಿಭಾಗದ ಒಬ್ಬ ಪ್ರೊಫೆಸರು. ಮೂರು ಶಾಸ್ತ್ರಗಳು ಸೇರಿದ್ದರಿಂದ ಶೀರ್ಷಿಕೆ ನಾಲ್ಕು ಸಾಲಾಯಿತು. ನನ್ನ ಮಾರ್ಗದರ್ಶಕರು ನನಗಿಂತ ಒಂದು ಕೈ ಮೇಲಿನ ಅನುಮಾನದ ಮನುಷ್ಯ. ಮೊದಲ ದಿನವೇ ಹೇಳಿದ್ದರು: "ಬಾಟಲಿ ಸುಳ್ಳು ಹೇಳೋದಿಲ್ಲ ಕಣ್ರಿ. ಬಾಟಲಿ ತಂದೋರು ಹೇಳ್ತಾರೆ. ಅವರ ಮೇಲೆ ಕಣ್ಣಿಡಿ." ನನಗೆ ಅದು ಬಹಳ ಹಿಡಿಸಿತು. ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೆ.

ಊರೂರು ತಿರುಗಿ ನೀರು ತರಲು ಒಬ್ಬರು ಬೇಕಿತ್ತು. ನಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಮುಗಿಸಿದ್ದ ತಸ್ಲೀಮಾ ಬಂದಳು. ತ್ಯಾವಣಿಗೆಯ ಬುಡೇನ್ ಸಾಬರ ಮಗಳು. ಬುಡೇನ್ ಸಾಬರು ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಮನೆಗೆ ಸ್ಟೀಲು ಪ್ಲಾಸ್ಟಿಕ್ಕು ಬಂದ ಮೇಲೆ ಗ್ಯಾಸ್ ಒಲೆ, ಕುಕ್ಕರು, ಮಿಕ್ಸಿ ರಿಪೇರಿಗೆ ತಿರುಗಿದ್ದರು. ಚಿಕ್ಕವಳಿದ್ದಾಗ ಅಪ್ಪನ ಸಾಮಾನಿನ ಚೀಲ ಹೊತ್ತು ಎಷ್ಟೋ ಹಳ್ಳಿ ಸುತ್ತಿದ ಹುಡುಗಿ ಅವಳು. ಯಾವ ಊರಿಗೆ ಎಲ್ಲಿ ಇಳಿಯಬೇಕು, ಯಾವ ಬಸ್ಸು ಒಳಗೆ ಬರುತ್ತದೆ, ಯಾವುದು ಕ್ರಾಸಿನಲ್ಲೇ ಬಿಟ್ಟು ಹೋಗುತ್ತದೆ ಎಲ್ಲ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಲ್ಯಾಬು ಎಂದರೆ ಇಷ್ಟ. ಪಿಪೆಟ್ಟು ತೊಳೆದು ಇಡುವುದರಲ್ಲೂ ಒಂದು ಅಚ್ಚುಕಟ್ಟು. ದಾವಣಗೆರೆಯಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಖಾಲಿ ಬೀಳುವುದಿತ್ತು. ನನ್ನ ಹತ್ತಿರ ಒಂದು ವರ್ಷ ದುಡಿದು, ನನ್ನಿಂದ ಅನುಭವ ಪತ್ರ ಬರೆಸಿಕೊಂಡು ಅದಕ್ಕೆ ಅರ್ಜಿ ಹಾಕಬೇಕೆಂದು ಅವಳ ಲೆಕ್ಕ. ಮೊದಲ ದಿನವೇ ಅದನ್ನು ಮುಚ್ಚಿಡದೆ ಹೇಳಿದಳು. "ಲೆಟರ್ ಒಂದು ಕೊಟ್ರೆ ಸಾಕು ಸರ್, ಉಳಿದದ್ದು ನಾನು ನೋಡ್ಕೋತೀನಿ." ಇಷ್ಟು ನೇರವಾಗಿ ಮಾತಾಡುವವರ ಮನಸ್ಸಿನಲ್ಲಿ ಬೇರೆ ಏನೋ ಇರಬೇಕೆಂದು ನನಗೆ ಆಗಲೇ ಅನಿಸಿತ್ತು.

ನಾನು ಅವಳಿಗೆ ಕೊಟ್ಟ ತರಬೇತಿ ಅರ್ಧ ಗಂಟೆಯದು. ನಲ್ಲಿ ತಿರುಗಿಸು, ಸ್ವಲ್ಪ ಹೊತ್ತು ನೀರು ಹರಿಯಲು ಬಿಡು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆ, ಆಮೇಲೆ ಕತ್ತಿನವರೆಗೆ ತುಂಬು, ಲೇಬಲ್ಲು ಹಚ್ಚು. ಜೊತೆಗೆ ಒಂದು ನೋಟ್‌ಬುಕ್ಕು: ಊರು, ಮನೆ, ನೀರಿನ ಮೂಲ, ಹೊತ್ತು, ಕೊನೆಯಲ್ಲಿ ಷರಾ. ಷರಾ ಕಾಲಂ ಇಟ್ಟದ್ದು ಯಾಕೆಂದರೆ ಎಲ್ಲರೂ ಇಡುತ್ತಾರೆ. ಮೊದಲ ವಾರ ಅವಳು ಅದರಲ್ಲಿ ಏನೇನೋ ಬರೆದುಕೊಂಡು ಬಂದಾಗ ನಾನೇ ಹೇಳಿದ್ದೆ, "ಕತೆ ಬರೀಬೇಡಮ್ಮ, ನನಗೆ ಬೇಕಿರೋದು ನೀರು." ಅಂದಿನಿಂದ ನಾನು ಆ ಕಾಲಂ ಓದಲಿಲ್ಲ.

ಜನ ನಮ್ಮನ್ನು ನಂಬುತ್ತಿದ್ದರೇ ಎಂದರೆ, ಇಲ್ಲ. ನ್ಯಾಮತಿ ಆಗ ತಾನೇ ತಾಲ್ಲೂಕಾಗಿತ್ತು, ಹಾಳೆ ಹಿಡಿದು ಬಂದವರೆಲ್ಲ ಸರ್ಕಾರದವರೇ ಎಂದು ಜನ ತಿಳಿದಿದ್ದರು. ರೇಷನ್ ಕಾರ್ಡು ತೆಗೆಯುತ್ತಾರೋ, ಜಮೀನು ಅಳೆಯುತ್ತಾರೋ ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ಹೊನ್ನಾಳಿ ಕಡೆ ಒಬ್ಬ ಯಜಮಾನರು, ನೀರು ತಗೊಂಡು ಹೋಗಿ ನಮ್ಮ ಬೋರು ಕೆಟ್ಟದ್ದು ಅಂತ ಮುಚ್ಚಿಸುತ್ತೀರೇನು ಎಂದು ತಸ್ಲೀಮಾಳನ್ನು ಒಂದು ಗಂಟೆ ಕೂರಿಸಿ ವಿಚಾರಿಸಿದ್ದರಂತೆ. ಅವರು ನಮ್ಮನ್ನು ಅನುಮಾನಿಸುವುದು, ನಾವು ಅವರನ್ನು ಅನುಮಾನಿಸುವುದು, ನಡುವೆ ಆ ಹುಡುಗಿ ಬಾಟಲಿ ಹಿಡಿದು ಓಡಾಡುವುದು. ಸಂಶೋಧನೆ ಎಂದರೆ ಮುಕ್ಕಾಲು ಪಾಲು ಇದೇ ಎಂದು ಈಗ ಅನಿಸುತ್ತದೆ, ಆಗ ಅನಿಸಲಿಲ್ಲ.

ತೊಂದರೆ ಶುರುವಾದದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಿಂದ. ಊರಿನ ಹೆಸರು ಬೇಡ. ದಂತವೈದ್ಯರು ಅಲ್ಲಿನ ಶಾಲೆಗೆ ಹೋಗಿ ಬಂದು, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ, ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿಯೇ ಇರಬೇಕು ಎಂದು ಬರೆದಿದ್ದರು. ತಸ್ಲೀಮಾ ಅದೇ ಊರಿನಿಂದ ತಂದ ಬಾಟಲಿಗಳನ್ನು ನಾನು ಪರೀಕ್ಷೆಗೆ ಹಚ್ಚಿದರೆ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. ಒಂದು ಬಾಟಲಿಯಲ್ಲ, ಎಲ್ಲದರಲ್ಲೂ. ಎಲ್ಲ ಬಾಟಲಿಯ ಅಂಕಿಯೂ ಹೆಚ್ಚುಕಡಿಮೆ ಒಂದೇ. ಯಂತ್ರ ಕೆಟ್ಟಿರಬೇಕೆಂದು ಬೇರೆ ನೀರು ಹಾಕಿ ನೋಡಿದೆ, ಯಂತ್ರ ಸರಿಯಾಗಿತ್ತು. ಬೇರೆ ಬೇರೆ ಮನೆಯ ನೀರು ಹೀಗೆ ಅವಳಿಜವಳಿ ಆಗುವುದು ಎಲ್ಲಿಯಾದರೂ ಉಂಟೆ? ನನಗೆ ದುಃಖವಾಯಿತು ಎಂದು ಹೇಳಿದರೆ ಸುಳ್ಳು. ಒಳಗೊಳಗೇ ಖುಷಿಯಾಯಿತು. ಸಿಕ್ಕಿಬಿದ್ದಳು ಎಂದುಕೊಂಡೆ.

ಆಮೇಲೆ ಮೂರು ದಿನ ನಾನು ಮಾಡಿದ ಪತ್ತೇದಾರಿ ಕೆಲಸವನ್ನು ನೆನೆದರೆ ನಾಚಿಕೆಯಾಗುತ್ತದೆ. ಬಸ್ ಟಿಕೆಟ್ಟುಗಳನ್ನು ಅವಳು ನೋಟ್‌ಬುಕ್ಕಿಗೆ ಪಿನ್ನು ಮಾಡಿ ಇಡುತ್ತಿದ್ದಳು. ತೆಗೆದು ನೋಡಿದರೆ ವಾಪಸು ಬಂದದ್ದು ಬೆಳಿಗ್ಗೆ ಹನ್ನೊಂದರ ಬಸ್ಸಿಗೆ. ಅಷ್ಟು ಬೇಗ ಅಷ್ಟು ಮನೆ ಮುಗಿಯುವುದುಂಟೆ? ಬಾಟಲಿಗಳೆಲ್ಲ ಒಂದೇ ಮಟ್ಟಕ್ಕೆ ತುಂಬಿದ್ದವು, ಲೇಬಲ್ಲುಗಳೆಲ್ಲ ಒಂದೇ ಪೆನ್ನಿನಲ್ಲಿ ಮುತ್ತಿನಂಥ ಅಕ್ಷರದಲ್ಲಿದ್ದವು. ಕಳ್ಳತನ ಮಾಡದವರು ಇಷ್ಟು ನೀಟಾಗಿ ಬರೆಯುವುದಿಲ್ಲ ಎಂದು ತೀರ್ಮಾನಿಸಿದೆ. ಕತ್ತಿನವರೆಗೆ ತುಂಬು ಎಂದವನು ನಾನೇ ಎಂಬುದು ಆಗ ನೆನಪಾಗಲಿಲ್ಲ. ಅವಳು ಹಿಂದಿನ ಸಂಜೆಯೇ ಹೋಗಿ ಜಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರಕ್ಕೇ ಹಳ್ಳಿಗೆ ಹೋಗಿದ್ದಳೆಂಬುದು ಗೊತ್ತಿರಲೂ ಇಲ್ಲ, ಕೇಳಲೂ ಇಲ್ಲ.

ನಾಲ್ಕನೆಯ ದಿನ ಟೀ ಹೊತ್ತಿಗೆ ಅವಳು ಲ್ಯಾಬಿಗೆ ಬಂದಳು. ಕೈಯಲ್ಲಿ ಅನುಭವ ಪತ್ರದ ಟೈಪು ಮಾಡಿದ ಪ್ರತಿ, ಅರ್ಜಿಗೆ ಇನ್ನೊಂದು ವಾರ ಇತ್ತು. ಲ್ಯಾಬಿನಲ್ಲಿ ಇನ್ನೂ ಮೂವರಿದ್ದರು: ಟೀ ತಂದಿದ್ದ ಅಟೆಂಡರ್ ರುದ್ರಪ್ಪ, ಭೌತಶಾಸ್ತ್ರದ ಮೇಷ್ಟ್ರು, ಸಸ್ಯಶಾಸ್ತ್ರದ ಮೇಡಂ. ಅವರು ಹೋಗುವವರೆಗೆ ನಾನು ಕಾಯಬಹುದಿತ್ತು. ಕಾಯಲಿಲ್ಲ.

"ಈ ನೀರೆಲ್ಲ ಯಾವ ನಲ್ಲೀದಮ್ಮ?" ಎಂದೆ.

"ಆಯಾ ಮನೀದೇ ಸರ್."

"ಜಗಳೂರು ಬಸ್ ಸ್ಟ್ಯಾಂಡಿನ ನಲ್ಲಿ ಚೆನ್ನಾಗಿ ಬರುತ್ತಾ?"

ಭೌತಶಾಸ್ತ್ರದ ಮೇಷ್ಟ್ರು ನಕ್ಕರು. ಅವಳಿಗೆ ನಾನು ಏನು ಹೇಳುತ್ತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಅವ್ರು ಏನ್ ಕೊಟ್ರೋ ಅದ್ನೇ ತಂದೀನಿ ಸರ್" ಎಂದಳು.

"ಕೊಟ್ರು ಅಂದ್ರೆ? ನಲ್ಲಿಯಿಂದ ನೀನೇ ಹಿಡೀಲಿಲ್ವಾ?"

"ನಲ್ಲಿಯಾಗೆ ನೀರು ಬರೋದು ಎರಡು ದಿನಕ್ಕೊಂದ್ಸಲ ಸರ್. ಅವ್ರೇ ಒಳಗಿನಿಂದ ತಂದು ಕೊಡ್ತಾರೆ. ನನ್ನ ಒಳಗೆ ಬಾ ಅನ್ನಲ್ಲ. ಬರ್ದೀನಿ ಸರ್, ಷರಾದಾಗೆ ಬರ್ದೀನಿ."

"ಕತೆ ಬೇಡ ಅಂತ ಅವತ್ತೇ ಹೇಳಿದ್ದೆ" ಎಂದೆ. ಅವಳು ಮುಂದಿಟ್ಟ ಪತ್ರವನ್ನು ಪಕ್ಕಕ್ಕೆ ಸರಿಸಿ "ನೋಡೋಣ" ಎಂದೆ. ಕಾಲೇಜಿನಲ್ಲಿ ನೋಡೋಣ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಅವಳು ಬಾಟಲಿ ತುಂಬುವ ಚೀಲವನ್ನು ಮಡಚಿ ಮೇಜಿನ ಮೇಲಿಟ್ಟು ಹೊರಟುಹೋದಳು. ರುದ್ರಪ್ಪ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ, "ನೋಡಾಕೆ ಎಷ್ಟು ಸಾಧು ಇದ್ಳು ಸಾರ್" ಎಂದು ತಲೆಯಾಡಿಸಿದ. ನನಗೆ ಆ ದಿನ ಬಹಳ ಸಮಾಧಾನವಾಗಿ ಊಟ ಸೇರಿತು.

ಕಳ್ಳತನವನ್ನು ಪೂರ್ತಿ ಸಾಬೀತು ಮಾಡಬೇಕಲ್ಲ? ಹತ್ತು ದಿನ ಬಿಟ್ಟು ನಾನೇ ಬಾಟಲಿಗಳನ್ನು ತೆಗೆದುಕೊಂಡು ಆ ಹಳ್ಳಿಗೆ ಹೋದೆ. ಪಟ್ಟಿಯಲ್ಲಿ ಮೊದಲನೆಯದು ಹಾಲಮ್ಮ ಎಂಬುವರ ಮನೆ. ಐವತ್ತು ದಾಟಿದ ಹೆಂಗಸು, ಮಾತು ಜೋರು, ಮನಸ್ಸು ಇನ್ನೂ ಜೋರು. ಕಾಲೇಜಿನ ಮೇಷ್ಟ್ರು ಎಂದು ತಿಳಿದದ್ದೇ "ಬರ್ರಿ, ಒಳಗೆ ಬರ್ರಿ, ಬಿಸ್ಲಾಗೆ ಯಾಕೆ ನಿಂತೀರಿ" ಎಂದು ನಡುಮನೆಯಲ್ಲಿ ಕುರ್ಚಿ ಹಾಕಿದರು. ಕುಡಿಯುವ ನೀರು ಬೇಕು, ಬಾಟಲಿಗೆ ಎಂದೆ. ಒಳಗೆ ಹೋಗಿ ತುಂಬಿಸಿಕೊಂಡು ಬಂದರು. ಒಂದು ಲೋಟ ಕುಡಿಯಲೂ ಕೊಟ್ಟರು. ಸಿಹಿ ನೀರು. ನನಗೆ ಗೊಂದಲವಾಯಿತು. ಇನ್ನೆರಡು ಮನೆಗೆ ಹೋದೆ, ಅಲ್ಲೂ ಕುರ್ಚಿ, ಅಲ್ಲೂ ಸಿಹಿ ನೀರು. ಮಕ್ಕಳು ಎದುರಿಗೇ ನಿಂತು ನಗುತ್ತಿದ್ದರು, ಹಲ್ಲಿನ ಮೇಲೆ ಕಂದು ಗೆರೆ ಎದ್ದು ಕಾಣುತ್ತಿತ್ತು. ಆಗ ನನಗೆ ದಂತವೈದ್ಯರ ಮೇಲೆ ಅನುಮಾನ ಬರಲು ಶುರುವಾಯಿತೆಂದರೆ ನೀವು ನಂಬಬೇಕು.

ಮಧ್ಯಾಹ್ನ ಹಾಲಮ್ಮ ಬಿಡಲಿಲ್ಲ, ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿದರು. ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲೊಂದು ನೀಲಿ ಡ್ರಮ್ಮು. ಚೊಂಬಿನಲ್ಲಿ ನೀರು ತೆಗೆದು ಬಾಯಿ ಮುಕ್ಕಳಿಸಿದವನು ಹಾಗೇ ನಿಂತುಬಿಟ್ಟೆ. ನೀರು ಸವಳು.

"ಹಾಲಮ್ಮನವರೇ, ಇದ್ಯಾವ ನೀರು?"

"ನಲ್ಲಿ ನೀರು ರೀ. ಬೋರಿಂದು."

"ಬೆಳಿಗ್ಗೆ ಬಾಟಲಿಗೆ ತುಂಬಿಕೊಟ್ಟಿರಲ್ಲ, ಅದು?"

"ಅದು ಫಿಲ್ಟರ್ ನೀರು. ಊರ ಮುಂದೆ ಮಿಷಿನ್ ಐತಲ್ಲ, ಅಲ್ಲಿಂದ ಕ್ಯಾನಿನಾಗೆ ತಂದು ಇಟ್ಟಿರ್ತೀವಿ. ಬಂದೋರಿಗೆ, ಹೋದೋರಿಗೆ."

"ಮತ್ತೆ ನೀವು ಏನು ಕುಡೀತೀರಿ?"

"ನಾವು ಇದ್ನೇ ಕುಡೀತೀವಿ. ಹುಟ್ಟಿದಾಗಿಂದ ಕುಡ್ದೀವಿ, ನಾಲಿಗೆಗೆ ರೂಢಿ ಆಗೈತೆ. ಹುಡುಗ್ರೂ ಇದ್ನೇ ಕುಡೀತಾವೆ."

ನಾನು ಡ್ರಮ್ಮಿನ ಅಂಚು ಹಿಡಿದುಕೊಂಡು ಕೇಳಿದೆ: "ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ದಳಲ್ಲ, ನೀರು ಕೇಳಿಕೊಂಡು. ಅವಳಿಗೆ ಯಾವ ನೀರು ಕೊಟ್ರಿ?"

"ಆ ಸಾಬ್ರ ಹುಡುಗೀನಾ? ಅಷ್ಟು ಹೊತ್ತಾರೆ ಬಂದು ಕಟ್ಟಿ ಮ್ಯಾಲೆ ನಿಂತಿತ್ತು ಪಾಪ. ಅದಕ್ಕೂ ಕ್ಯಾನಿನ ನೀರೇ ಕೊಟ್ವಿ. ಮನಿ ಮುಂದೆ ನಿಂತು ನೀರು ಕೇಳಿದೋರಿಗೆ ಸವಳು ನೀರು ಕೊಡಾಕಾಗ್ತೈತೇನ್ರಿ ಮೇಷ್ಟ್ರೇ?" ಎಂದರು ಹಾಲಮ್ಮ. ಆಮೇಲೆ ಸ್ವಲ್ಪ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದರು: "ಅದೂ ಅಲ್ದೆ, ಈ ಊರ ನೀರು ಸರಿ ಇಲ್ಲ ಅಂತ ನೀವು ಬರ್ಕೊಂಡು ಹೋದ್ರೆ, ನಾಳೆ ನಮ್ಮ ಹುಡುಗ್ರಿಗೆ ಹೆಣ್ಣು ಕೊಡೋರ್ಯಾರು? ಊರಿಗೆ ಒಂದ್ಸಲ ಕೆಟ್ಟ ಹೆಸ್ರು ಬಂದ್ರೆ ಹೋಗಲ್ಲ ರೀ."

ಅವರ ಮಾತಿನ ಎರಡು ತುದಿಯಲ್ಲೂ ನ್ಯಾಯ ಇತ್ತು. ಮನೆಗೆ ಬಂದವರ ಎದುರು ಇರುವುದರಲ್ಲಿ ಒಳ್ಳೆಯದನ್ನು ಇಡುವುದು ಇಲ್ಲಿಯ ರೀತಿ. ನಮ್ಮ ಮನೆಯಲ್ಲೂ ನೆಂಟರಿಗೆ ಬೇರೆ ಲೋಟ ಇದೆ. ನಾವು ಹೋಗಿ ಬಾಟಲಿ ಚಾಚಿ ನೀರು ಕೊಡಿ ಎಂದೆವು, ಅವರು ನೆಂಟರಿಗೆ ಇಟ್ಟದ್ದನ್ನು ಕೊಟ್ಟರು. ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಬಿಡು ಎಂಬ ನನ್ನ ತರಬೇತಿ, ಎರಡು ದಿನಕ್ಕೊಮ್ಮೆ ಬರುವ ನಲ್ಲಿಯ ಮುಂದೆ ಏನು ಮಾಡೀತು? ನನ್ನ ಮಾರ್ಗದರ್ಶಕರು ಹೇಳಿದ್ದು ತಲೆಕೆಳಗಾಗಿತ್ತು. ಸುಳ್ಳು ಹೇಳಿದ್ದು ಬಾಟಲಿ, ಅದೂ ಮರ್ಯಾದೆಯಿಂದ. ತಂದವಳು ನಿಜವನ್ನೇ ಹೇಳಿದ್ದಳು.

ಚನ್ನಗಿರಿಗೆ ಬಂದು ಅವಳ ನೋಟ್‌ಬುಕ್ಕು ತೆರೆದೆ. ಷರಾ ಕಾಲಂ ಓದಿದ್ದು ಅವತ್ತೇ ಮೊದಲು. ಒಂದೊಂದು ಮನೆಯ ಎದುರಿಗೂ ಅದೇ ಮುತ್ತಿನ ಅಕ್ಷರ: 'ಒಳಗಿನಿಂದ ತಂದರು. ನಾನು ನೋಡಿಲ್ಲ.' ಕೆಲವು ಕಡೆ, 'ಹೊರಗೆ ನಿಂತಿದ್ದೆ.' ನನಗೆ ಸಿಕ್ಕ ಕುರ್ಚಿ ಅವಳಿಗೆ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ, ಅವಳು ಅದನ್ನು ಕೇಳಿಯೂ ಇರಲಿಲ್ಲ. ಕಲಾಯಿ ಪಾತ್ರೆ ಇಸಿದುಕೊಳ್ಳಲು ಅಪ್ಪನ ಜೊತೆ ಹೊರಗೆ ನಿಂತು ರೂಢಿಯಾದವಳು. ಆದರೆ ನೋಡದ್ದನ್ನು ನೋಡಿದೆ ಎಂದು ಬರೆಯಲಿಲ್ಲ. ಕೊನೆಯ ಪುಟದಲ್ಲಿ ನನಗಾಗಿ ಒಂದು ಸಾಲು ಇತ್ತು: 'ಸರ್, ಈ ಊರಿಗೆ ನಲ್ಲಿ ಬಿಡುವ ದಿನ ಇನ್ನೊಂದು ಸಲ ಹೋಗಬೇಕು ಅನಿಸುತ್ತದೆ.' ನಾನು ಆ ಪುಟದಿಂದ ಬಸ್ ಟಿಕೆಟ್ಟು ಕಿತ್ತು ನೋಡಿದ್ದೆ, ಸಾಲು ನೋಡಿರಲಿಲ್ಲ.

ಮಾರನೆಯ ದಿನ ಅನುಭವ ಪತ್ರಕ್ಕೆ ಸಹಿ ಹಾಕಿ, ಸೀಲು ಒತ್ತಿ, ತ್ಯಾವಣಿಗೆಗೆ ಹೋದೆ. ಬುಡೇನ್ ಸಾಬರು ಅಂಗಳದಲ್ಲಿ ಯಾರದೋ ಕುಕ್ಕರಿನ ಮುಚ್ಚಳ ಸರಿಮಾಡುತ್ತಿದ್ದರು. ಎದ್ದು ನಿಂತು, "ಬರ್ರಿ ಮೇಷ್ಟ್ರೇ. ನಮ್ ಮಗ್ಳು ದಿನಾ ನಿಮ್ದೇ ಹೇಳ್ತಿದ್ಲು. ಕೆಲ್ಸ ಮುಗೀತಂತಲ್ಲ" ಎಂದರು. ಅವಳು ಅಪ್ಪನಿಗೆ ಏನೂ ಹೇಳಿರಲಿಲ್ಲ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳು ಅಲ್ಲಿಗೆ ನಿಂತವು. ಈಗ ಕ್ಷಮೆ ಕೇಳಿದರೆ ಅವರಪ್ಪನಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ತಪ್ಪಿಸಿಕೊಳ್ಳಲು ಒಂದು ನೆಪ ಸಿಕ್ಕಿತ್ತು. ತಸ್ಲೀಮಾ ಚಹಾ ತಂದಳು. ಪತ್ರ ಕೊಟ್ಟೆ. ನಿಂತಲ್ಲೇ ಓದಿ, "ಥ್ಯಾಂಕ್ಸ್ ಸರ್" ಎಂದಳು. ಬಾಗಿಲವರೆಗೆ ಬಂದಾಗ ಅಪ್ಪನಿಗೆ ಕೇಳಿಸದ ಹಾಗೆ "ಹೋದ ಸೋಮವಾರನೇ ಲಾಸ್ಟ್ ಡೇಟ್ ಇತ್ತು ಸರ್" ಎಂದಳು. ನಾನು ಜಗಳೂರಿನ ವಿಷಯ ಗೊತ್ತಾಯಿತು, ನಿನ್ನ ತಪ್ಪಿಲ್ಲ ಎಂದೆ. "ಗೊತ್ತು ಸರ್" ಎಂದಳು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಧಾನವಾಗಿ ಹೇಳಲು ಮುಖ ಇಲ್ಲ. ನಲ್ಲಿ ಬಿಡುವ ದಿನ ನೋಡಿಕೊಂಡು ನಾನೇ ಊರೂರು ತಿರುಗಿ ನೀರು ಹಿಡಿದೆ. ಅಂಕಿಗಳು ಹಲ್ಲಿಗೆ ತಾಳೆಯಾದವು. ಅತಿಥಿ ಸತ್ಕಾರದಿಂದ ಮಾದರಿ ಸಂಗ್ರಹದಲ್ಲಿ ಆಗುವ ದೋಷ ಎಂದು ಒಂದು ಅಧ್ಯಾಯವನ್ನೇ ಬರೆದೆ. ವೈವಾದ ದಿನ ಹೊರಗಿನ ಪರೀಕ್ಷಕರು ಉಳಿದದ್ದೆಲ್ಲ ಬಿಟ್ಟು ಆ ಅಧ್ಯಾಯವನ್ನೇ ಹೊಗಳಿದರು. "ಇದು ಹೊಸದು ರೀ, ಹೆಂಗೆ ಹೊಳೀತು ನಿಮಗೆ?"

"ಕ್ಷೇತ್ರಕ್ಕೆ ಹೋಗಬೇಕು ಸರ್" ಎಂದೆ ನಾನು. ಆ ಅಧ್ಯಾಯದಲ್ಲಿ 'ಸಂಶೋಧಕನು ಗಮನಿಸಿದ್ದೇನೆಂದರೆ' ಎಂದು ಇದೆ. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದಾರೆ, ಹೆಂಡತಿ ಇದ್ದಾಳೆ, ಟೈಪು ಮಾಡಿದವನಿದ್ದಾನೆ, ಟೀ ತಂದುಕೊಟ್ಟ ರುದ್ರಪ್ಪನೂ ಇದ್ದಾನೆ. ತಸ್ಲೀಮಾಳ ಹೆಸರಿಲ್ಲ. ಸಿಟ್ಟಿನಲ್ಲಿ ಮೊದಲು ತೆಗೆದಿದ್ದೆ. ಆಮೇಲೆ ಸೇರಿಸಲು ಹೋದರೆ, ಹಾಗಾದರೆ ಆ ಹುಡುಗಿಯದು ತಪ್ಪಿರಲಿಲ್ಲವೇ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಎಂದು ಕೈ ಹಿಂದೆ ಬಂತು. ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಜಗತ್ತಿನ ಅಂಕಿಗಳನ್ನೆಲ್ಲ ಅನುಮಾನಿಸಿದವನು ಬೇಕೆಂದೇ ಸುಳ್ಳು ಬರೆದದ್ದು ಆ ಒಂದೇ ಪುಟದಲ್ಲಿ. ಡಾಕ್ಟರ್ ಬಂತು, ಬಡ್ತಿ ಬಂತು, ನಿವೃತ್ತಿಯೂ ಆಯಿತು.

ಹಳದಿ ಚೀಟಿ ಅಂಟಿದ ದಿನ ಸಂಜೆ ಬುಡೇನ್ ಸಾಬರಿಂದ ನಂಬರು ಇಸಿದುಕೊಂಡು ಅವಳಿಗೆ ಫೋನು ಮಾಡಿದೆ. ಜಗಳೂರಿನ ಕಡೆಗೇ ಮದುವೆಯಾಗಿ, ಅಲ್ಲೊಂದು ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದಾಳೆ. ನಾನು ಹೆಸರು ಹೇಳಿದೆ. "ಹೇಳಿ ಸರ್" ಎಂದಳು. ಕೃತಜ್ಞತೆಯ ಪುಟದ ವಿಷಯ ಹೇಳಿದೆ. ವಿಶ್ವವಿದ್ಯಾಲಯಕ್ಕೆ ಕಾಗದ ಬರೆದು ತಿದ್ದುಪಡಿ ಮಾಡಿಸುತ್ತೇನೆ, ಆ ಅಧ್ಯಾಯದಲ್ಲೂ ನಿನ್ನ ಹೆಸರು ಹಾಕಿಸುತ್ತೇನೆ ಎಂದೆ. ಹೇಳುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಮೆಚ್ಚಿಗೆ ಬರತೊಡಗಿತ್ತು.

"ಹಾಕ್ಸಿ ಸರ್, ಬೇಡ ಅನ್ನಲ್ಲ. ಆದ್ರೆ ಆ ಬುಕ್ ಯಾರು ಓದ್ತಾರೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಲ್ಯಾಬಿನಾಗೆ ಮೂರು ಜನ ಇದ್ರಲ್ಲ ಸರ್. ಅವ್ರಿಗೆ ಹೇಳಿದ್ರಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಮಾರನೇ ವರ್ಷ ನಮ್ ಕಾಲೇಜಿನಾಗೇ ಲ್ಯಾಬ್ ಕೆಲ್ಸಕ್ಕೆ ಅರ್ಜಿ ಕೊಡಾಕೆ ಬಂದಿದ್ದೆ. ನೀವು ರಜೆ ಇದ್ರಿ. ರುದ್ರಪ್ಪಣ್ಣ ಅರ್ಜಿ ಕೈಯಾಗೆ ಹಿಡ್ಕೊಂಡು, ನಿಂಗ್ಯಾಕಮ್ಮ ಈ ಕೆಲ್ಸ ಅಂದ್ರು. ವಾಪಸ್ ಇಸ್ಕೊಂಡು ಬಂದೆ. ಈಗ್ಲೂ ಚನ್ನಗಿರಿಗೆ ಬಂದ್ರೆ ಕಾಲೇಜ್ ರೋಡಿಗೆ ಬರಲ್ಲ ಸರ್." ಆಚೆ ಕಡೆ ಗಂಟೆ ಹೊಡೆಯಿತು. "ಸ್ಪೆಷಲ್ ಕ್ಲಾಸ್ ಐತೆ ಸರ್, ಇಡ್ತೀನಿ."

ಮೂವರಲ್ಲಿ ಸಸ್ಯಶಾಸ್ತ್ರದ ಮೇಡಂ ತೀರಿಕೊಂಡು ಎರಡು ವರ್ಷವಾಯಿತು. ಅವರಿಗೆ ಇನ್ನು ಹೇಳಲಾಗುವುದಿಲ್ಲ. ಭೌತಶಾಸ್ತ್ರದ ಮೇಷ್ಟ್ರು ನ್ಯಾಮತಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ರುದ್ರಪ್ಪ ನಿವೃತ್ತನಾಗಿ ಹೊನ್ನಾಳಿಯಲ್ಲಿ ಮಗನ ಜೆರಾಕ್ಸ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ ಎಂದು ಗೊತ್ತಿತ್ತು. ನಿನ್ನೆ ಬೆಳಿಗ್ಗೆ ಹೊನ್ನಾಳಿ ಬಸ್ಸು ಹತ್ತಿದೆ. ರುದ್ರಪ್ಪ ನನ್ನನ್ನು ನೋಡಿ ಬಹಳ ಸಂತೋಷಪಟ್ಟ, ಟೀ ತರಿಸಿದ. ಕಾಲೇಜಿನ ಸುದ್ದಿಯೆಲ್ಲ ಆದ ಮೇಲೆ ನಾನು ಕೇಳಿದೆ, "ರುದ್ರಪ್ಪ, ತಸ್ಲೀಮಾ ಅಂತ ಒಬ್ಬ ಹುಡುಗಿ ಇದ್ದಳು, ನೆನಪಿದೆಯಾ?"

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ಯಾರು ಸಾರ್? ಓ, ಬಸ್ ಸ್ಟ್ಯಾಂಡ್ ನಲ್ಲಿಯಾಗೆ ನೀರು ತುಂಬ್ಕೊಂಡು ಬಂದು ನಿಮಗೆ ಮೋಸ ಮಾಡಿದ್ಳಲ್ಲ, ಆ ಹುಡುಗೀನಾ?"

ಬಸ್ ಸ್ಟ್ಯಾಂಡು ನನ್ನ ಮಾತು. ಎಂಟು ವರ್ಷ ಅವನು ಅದನ್ನು ಒಂದಕ್ಷರ ಬೀಳದಂತೆ ಇಟ್ಟುಕೊಂಡಿದ್ದ. ಇನ್ನು ಎಷ್ಟು ಜನರಿಗೆ ಹೇಳಿದ್ದಾನೋ.

"ಅವಳು ಮೋಸ ಮಾಡಿರಲಿಲ್ಲ ರುದ್ರಪ್ಪ. ಸರಿಯಾಗಿಯೇ ತಂದಿದ್ದಳು. ತಪ್ಪು ನಂದು. ಅದನ್ನು ಹೇಳೋಕೇ ಬಂದೆ."

ರುದ್ರಪ್ಪ ಟೀ ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ತರಕಾರಿಯವನ ತಕ್ಕಡಿಯನ್ನು ನಾನು ನೋಡುವ ನೋಟ ಅದು. "ಅವ್ರ ಕಡೆಯೋರು ಯಾರಾರ ಬಂದು ಗಲಾಟೆ ಮಾಡಿದ್ರಾ ಸಾರ್?" ಎಂದ.

"ಇಲ್ಲ."

"ಏನಾರ ಕೇಸ್ ಗೀಸ್?"

"ಏನೂ ಇಲ್ಲ ರುದ್ರಪ್ಪ. ನಾನು ಆ ಊರಿಗೆ ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ."

ಅವನು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ನನ್ನನ್ನು ಸಮಾಧಾನ ಮಾಡುವವನಂತೆ ಮೆಲ್ಲಗೆ ಹೇಳಿದ: "ನಿಮ್ದು ಮೆದು ಮನ್ಸು ಆಗೈತೆ ಸಾರ್, ವಯಸ್ಸಾದ ಮೇಲೆ ಹಂಗಾಗ್ತೈತೆ. ನೀವು ಸುಮ್‌ಸುಮ್ನೆ ಒಬ್ರ ಮ್ಯಾಲೆ ಹೇಳೋರಲ್ಲ, ನಂಗೆ ಗೊತ್ತಿಲ್ವಾ? ಅವತ್ತು ನನ್ನ ಎದ್ರಿಗೇ ಹೇಳಿದ್ರಲ್ಲ."

ಭೌತಶಾಸ್ತ್ರದ ಮೇಷ್ಟ್ರ ಮನೆಗೆಂದು ನಾನು ಹಿಡಿಯಬೇಕಿದ್ದ ನ್ಯಾಮತಿ ಕಡೆಯ ಬಸ್ಸು ಬಂದು ನಿಂತಿತ್ತು. ಅದನ್ನು ಹೋಗಲು ಬಿಟ್ಟೆ. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ಮಗನನ್ನೂ ಅಂಗಡಿಯಿಂದ ಹೊರಗೆ ಕರೆದು ಕೂರಿಸಿಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದೆ.